ಇತ್ತೀಚೆಗೆ ಕೊಂಡ ಕಾಮಿಕ್ಸ್‌ಗಳಲ್ಲಿ ದುಡ್ಡು ವಸೂಲ್ ಆಗಿದ್ದು ಯಾವುದು?

ಇತ್ತೀಚೆಗೆ ಕೊಂಡ ಕಾಮಿಕ್ಸ್‌ಗಳಲ್ಲಿ ಯಾವುದು ದುಡ್ಡಿಗೆ ತಕ್ಕದ್ದು ಅನ್ನಿಸಿತು, ದೊಡ್ಡವರಾದ ಮೇಲೆ ಶುರು ಮಾಡುವವರು ಏನು ಕೊಳ್ಳಬೇಕು ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ನೇರ ಉತ್ತರ: ಭೀಮಾಯಣ. ಉಳಿದದ್ದು ಕೆಳಗೆ, ಸ್ವಲ್ಪ ಉದ್ದ ಆಗುತ್ತದೆ, ತಡ್ಕೊಳ್ಳಿ.

ನಾನಿರುವುದು ಕಲಬುರಗಿಯಲ್ಲಿ. ಇಲ್ಲಿ ಪುಸ್ತಕದಂಗಡಿಯಲ್ಲಿ ಕಾಮಿಕ್ಸ್ ಕೇಳಿದರೆ "ಮಗನಿಗಾ, ಮಗಳಿಗಾ?" ಅಂತ ಕೇಳಿ ಮಕ್ಕಳ ಕಪಾಟಿನ ಕಡೆ ಕೈ ತೋರಿಸುತ್ತಾರೆ. ಹಾಗಾಗಿ ನನಗಿರುವುದು ಎರಡೇ ದಾರಿ. ಆನ್‌ಲೈನ್, ಇಲ್ಲಾಂದ್ರೆ ಹೈದರಾಬಾದ್. ಅಲ್ಲಿನ ಅಬಿಡ್ಸ್ ಪೇಟೆಯಲ್ಲಿ ಭಾನುವಾರ ಅಂಗಡಿಗಳಿಗೆ ರಜೆ, ಆಗ ಫುಟ್‌ಪಾತ್ ತುಂಬಾ ಹಳೇ ಪುಸ್ತಕ ಹರವುತ್ತಾರೆ. ನಾಂಪಲ್ಲಿ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು.

ಭೀಮಾಯಣ ಆನ್‌ಲೈನ್‌ನಲ್ಲಿ ತರಿಸಿದ್ದು. ಅಂಬೇಡ್ಕರ್ ಅವರ ಕಥೆ, 2011ರಲ್ಲಿ ದೆಹಲಿಯ ನವಯಾನ ಪ್ರಕಾಶನದಿಂದ ಬಂದ ಪುಸ್ತಕ. ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಚಿತ್ರ ಬಿಡಿಸಿದವರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ, ಮಧ್ಯಪ್ರದೇಶದ ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರು. ಕಥೆ ನನಗೆ ಹೊಸದೇನಲ್ಲ. ಏಪ್ರಿಲ್ 14 ಬಂತು ಅಂದ್ರೆ ಓಣಿ ಓಣಿಯಲ್ಲಿ ಮೈಕು ಕಟ್ಟುವ ಊರು ನಮ್ಮದು, ಶಾಲೆಯಲ್ಲಿ ನೀರು ಮುಟ್ಟಗೊಡದ್ದು, ಬರೋಡಾದಲ್ಲಿ ಇರಲು ಒಂದು ಕೋಣೆ ಸಿಗದ್ದು, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಳ್ಳಲು ಒಪ್ಪದ್ದು, ಎಲ್ಲ ಚಿಕ್ಕಂದಿನಿಂದ ಕೇಳಿದ್ದೇ. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಕಾರಣ ಪುಟಗಳು.

ಸಾಮಾನ್ಯವಾಗಿ ಕಾಮಿಕ್ಸ್ ಪುಟ ಅಂದ್ರೆ ಚೌಕ ಚೌಕ ಡಬ್ಬಿಗಳು, ಅಲ್ವಾ? ಈ ದಂಪತಿ ತಮ್ಮ ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕುವುದಿಲ್ಲ ಅಂದುಬಿಟ್ಟರಂತೆ. ಅವರ ಕಡೆ ಮನೆ ಗೋಡೆ, ನೆಲದ ಮೇಲೆ ಬಿಡಿಸುವ ದಿಗ್ನಾ ಅನ್ನುವ ವಿನ್ಯಾಸ ಇದೆ. ಅದೇ ಇಲ್ಲಿ ಪುಟದ ನಡುವೆ ಬಳ್ಳಿಯ ಹಾಗೆ ಹರಿದು ಒಂದು ದೃಶ್ಯವನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಮಾತಿನ ಬಲೂನುಗಳನ್ನಂತೂ ನೋಡಿಯೇ ತಿಳಿಯಬೇಕು. ಮೆತ್ತಗೆ ಮಾತಾಡುವವರ, ನೋವುಂಡವರ ಮಾತು ಹಕ್ಕಿಯ ಆಕಾರದ ಬಲೂನಿನಲ್ಲಿ. ಜಾತಿಯ ವಿಷ ಕಕ್ಕುವವರ ಮಾತಿನ ಬಲೂನಿಗೆ ಚೇಳಿನ ಕೊಂಡಿ. ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆ ಒಂದು ಕಣ್ಣು. ಎರಡು ಮೂರು ಪುಟ ದಾಟಿದ ಮೇಲೆ ಮಾತು ಓದುವ ಮೊದಲೇ ಕೊಂಡಿ ಕಾಣಿಸುತ್ತದೆ, ಈಗ ಕುಟುಕುತ್ತಾನೆ ಅಂತ ಮೈ ಬಿಗಿಯಾಗುತ್ತದೆ. ಇದನ್ನು ಕಾದಂಬರಿಯಲ್ಲಿ ಮಾಡೋಕಾಗಲ್ಲ, ಸಿನಿಮಾದಲ್ಲೂ ಆಗಲ್ಲ. ನಾನು ಕಾಮಿಕ್ಸ್‌ಗೆ ದುಡ್ಡು ಹಾಕುವುದೇ ಇಂಥದ್ದಕ್ಕೆ. ಬರೀ ಕಥೆ ಬೇಕಿದ್ದರೆ ಲೈಬ್ರರಿ ಇದೆ.

ಎರಡನೆಯದು ಒಸಾಮು ತೆಜುಕಾ ಅವರ ಬುದ್ಧ. ಮಂಗಾ, ಅಂದ್ರೆ ಜಪಾನಿನ ಕಾಮಿಕ್ಸ್, ಇಂಗ್ಲಿಷ್‌ನಲ್ಲಿ 8 ಸಂಪುಟ. ನಾನು ಮೊದಲನೆಯದು ಮಾತ್ರ ತರಿಸಿದೆ. ತಮಾಷೆ ಏನಂದ್ರೆ ಅದರಲ್ಲಿ ಬುದ್ಧ ಇಲ್ಲವೇ ಇಲ್ಲ ಅನ್ನಬೇಕು, ಹುಟ್ಟುವುದೇ ಕೊನೆಕೊನೆಗೆ. ಕಥೆ ನಡೆಸುವವರು ಛಪ್ರ ಅನ್ನುವ ಗುಲಾಮ ಹುಡುಗ ಮತ್ತು ತತ್ತ ಅನ್ನುವ ಅಸ್ಪೃಶ್ಯ ಪೋರ. ನಡುನಡುವೆ ಲೇಖಕರು ತಮ್ಮನ್ನೇ ತೂರಿಸಿಕೊಂಡು ಜೋಕು ಮಾಡುತ್ತಾರೆ, ಕೆಲವು ಜೋಕು ತೀರಾ ಪೋಲಿ. ಬುದ್ಧ ವಿಹಾರಕ್ಕೆ ಹೋಗಿ ಕಣ್ಣು ಮುಚ್ಚಿ ಕೂರುವ ನಮ್ಮ ಚಿಕ್ಕಪ್ಪನಿಗೆ ಇದನ್ನು ತೋರಿಸುವ ಧೈರ್ಯ ನನಗಿಲ್ಲ. ಆದರೆ ನನಗಂತೂ ಹಿಡಿಸಿತು, ಎರಡನೆಯ ಸಂಪುಟ ತರಿಸುತ್ತೇನೆ.

ಹೇಳೋದು ಮರೆತೆ, ಚಿತ್ರದಲ್ಲಿ ಕಥೆ ಹೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಭೀಮಾ ದಂಡೆಯ ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪಕ್ಕೆ ಒಮ್ಮೆ ಹೋಗಿ ನೋಡಿ. ಜಾತಕ ಕಥೆಗಳನ್ನು ಕಲ್ಲಿನ ಫಲಕಗಳಲ್ಲಿ ಕೊರೆದು, ಬ್ರಾಹ್ಮಿ ಅಕ್ಷರದಲ್ಲಿ ಹೆಸರು ಬರೆದಿದ್ದಾರೆ. ಅಶೋಕ ರಾಣಿಯ ಜೊತೆ ನಿಂತಿರುವ ಫಲಕ ಸಿಕ್ಕಿದ್ದು ಅಲ್ಲೇ, ಅದರ ಮೇಲೆ 'ರಾಯ ಅಸೋಕೋ' ಅಂತಲೇ ಬರೆದಿದೆ. ಬಲೂನೊಂದು ಇಲ್ಲ ಅಷ್ಟೇ.

ಅಬಿಡ್ಸ್‌ನಲ್ಲಿ ಸಿಕ್ಕಿದ್ದು 'ಟಿಬೆಟ್‌ನಲ್ಲಿ ಟಿನ್‌ಟಿನ್', ಟಿನ್‌ಟಿನ್ ಅನ್ನುವ ಹುಡುಗ ಪತ್ರಕರ್ತನ ಸಾಹಸದ 1960ರ ಕಾಮಿಕ್ಸ್ ಪುಸ್ತಕದ ಇಂಗ್ಲಿಷ್ ಮರುಮುದ್ರಣ. ಮೊದಲ ಪುಟದಲ್ಲಿ ಯಾವುದೋ ಬಾಡಿಗೆ ಲೈಬ್ರರಿಯ ನೇರಳೆ ಸೀಲು, ಬೆನ್ನಿಗೆ ಕಂದು ಟೇಪು. ಇದರಲ್ಲಿ ಖಳನಾಯಕನೇ ಇಲ್ಲ. ಗೆಳೆಯನನ್ನು ಹುಡುಕಿಕೊಂಡು ಹೋಗುವುದು, ಅಷ್ಟೇ ಕಥೆ. ಪುಟಗಟ್ಟಲೆ ಬಿಳಿ ಹಿಮ. ಮೇ ತಿಂಗಳ ಕಲಬುರಗಿಯಲ್ಲಿ ಕರೆಂಟು ಹೋದಾಗ ಓದಲು ಹೇಳಿ ಮಾಡಿಸಿದ ಪುಸ್ತಕ.

ನಾಗರಾಜ್, ಸೂಪರ್ ಕಮಾಂಡೋ ಧ್ರುವ ಅನ್ನುವ ಹೀರೋಗಳ ಹಳೇ ಹಿಂದಿ ಕಾಮಿಕ್ಸ್ ಒಂದು ಕಟ್ಟೂ ತಂದೆ. ಹುಡುಗರಾಗಿದ್ದಾಗ ಬಾಡಿಗೆಗೆ ಓದಿದ್ದವು, ನಮ್ಮಲ್ಲಿ ಎಷ್ಟೋ ಮಂದಿ ಹಿಂದಿ ಕಲಿತಿದ್ದೇ ಅವುಗಳಿಂದ. ಈಗ ಓದಿದರೆ ಧ್ರುವ ಚೆನ್ನಾಗಿಯೇ ಇದ್ದಾನೆ. ಅವನು ಗೆಲ್ಲುವುದು ಹೆಚ್ಚಾಗಿ ಬುದ್ಧಿಯಿಂದ. ಅವನ ಚಿತ್ರ ಬಿಡಿಸಿದ ಅನುಪಮ್ ಸಿನ್ಹಾ ಅವರ ಕೈ ಕೂಡ ಚೆನ್ನ. ನಾಗರಾಜ್‌ನನ್ನು ನಲವತ್ತು ವರ್ಷ ದಾಟಿದ ಮೇಲೆ ಓದುವುದು ಕಷ್ಟ.

ಕನ್ನಡದಲ್ಲಿ ಏನಿದೆ ಅಂತ ಕೇಳಬೇಡಿ, ಬೇಜಾರಾಗುತ್ತದೆ. ಬಾಲಮಂಗಳದ ಡಿಂಗನ ಕಾಲ ಮುಗಿಯಿತು. ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು, ಆದರೂ ದೊಡ್ಡವರು ಓದುವಂಥ ಕನ್ನಡ ಕಾಮಿಕ್ಸ್‌ಗೆ ನಾನು ಹುಡುಕುತ್ತಲೇ ಇದ್ದೇನೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಒಂದೇ ಪುಸ್ತಕದಲ್ಲಿ ಮುಗಿಯುವುದನ್ನು ಕೊಳ್ಳಿ. ಪಕ್ಕದ ಮನೆ ಹುಡುಗ ವನ್ ಪೀಸ್ ಅನ್ನುವ ಮಂಗಾ ಹಿಡಿದಿದ್ದಾನೆ, 1997ರಲ್ಲಿ ಶುರುವಾಗಿ 100 ಸಂಪುಟ ದಾಟಿದೆ, ಅವರಪ್ಪನ ಜೇಬಿಗೆ ದೇವರೇ ಗತಿ. ಬಲದಿಂದ ಎಡಕ್ಕೆ ಓದಬೇಕಲ್ಲ, ಕಷ್ಟ ಆಗಲ್ವಾ ಅಂದೆ. ಅವನು ಉರ್ದು ಶಾಲೆ ಹುಡುಗ. "ಉರ್ದು ಇದ್ದಂಗೇ ಅದ ಅಂಕಲ್, ನಿಮಗೇ ತ್ರಾಸು" ಅಂದ.

ಕೊಳ್ಳುವ ಮುಂಚೆ ನಡುವಿನ ಒಂದು ಪುಟ ತೆಗೆದು, ಮಾತು ಓದದೆ ಚಿತ್ರ ಮಾತ್ರ ನೋಡಿ. ಅಲ್ಲಿ ಒಂದು ನಿಮಿಷ ಕಣ್ಣು ನಿಂತರೆ ತಗೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ಬಿಚ್ಚಿದ ಕೂಡಲೇ ನಾಲ್ಕೂ ಮೂಲೆ ನೋಡಿ. ನನಗೆ ಬಂದ ಭೀಮಾಯಣದ ಒಂದು ಮೂಲೆ ಮಡಚಿತ್ತು, ಮಾರಿದವರು ತಕರಾರಿಲ್ಲದೆ ಬದಲಿಸಿ ಕೊಟ್ಟರು, ಆದರೆ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು.