ಮುದ್ದೆ, ಅನ್ನ, ತಿಳಿಸಾರು: ಲೈಸಿನ್ ಮಾತ್ರೆ ಬೇಕೇ?

ನಿಮ್ಮ ತೂಕ 60 ಕೆ.ಜಿ., ದಿನವೂ ಮುದ್ದೆ, ಅನ್ನ, ತಿಳಿಸಾರು, ಲೈಸಿನ್ ಮಾತ್ರೆ ಬೇಕೇ ಎಂದು ಕೇಳಿದ್ದೀರಿ. ಮಾತ್ರೆ ಬೇಡ, ಬೇಳೆ ಹೆಚ್ಚಿಸಿ.

ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳಲ್ಲಿ (ಪ್ರೋಟೀನ್ ಕಟ್ಟುವ ಘಟಕಗಳು) ಅಕ್ಕಿ, ರಾಗಿ ತಿನ್ನುವವರಿಗೆ ಮೊದಲು ಕಡಿಮೆ ಬೀಳುವುದು ಲೈಸಿನ್. ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 30 ಮಿ.ಗ್ರಾಂ ಬೇಕು, ಅಂದರೆ ನಿಮಗೆ 1800. ಇನ್ನೂರಿನ್ನೂರು ಗ್ರಾಂ ಅಕ್ಕಿ, ರಾಗಿಹಿಟ್ಟು ಸೇರಿದರೂ ಸುಮಾರು ಅರ್ಧವಷ್ಟೇ ಸಿಗುತ್ತದೆ. 60 ಗ್ರಾಂ ತೊಗರಿಬೇಳೆ (ಬೇಯಿಸುವ ಮುಂಚಿನ ತೂಕ) ಇನ್ನೊಂದು 900 ಮಿ.ಗ್ರಾಂ ತರುತ್ತದೆ. ಕಾಲು ಲೀಟರ್ ಮೊಸರೂ ಇದ್ದರೆ ಜೀರ್ಣವಾಗದೆ ಹೋಗುವ ಪಾಲೂ ತುಂಬುತ್ತದೆ. ಬೇಳೆಯಲ್ಲಿ ಕಡಿಮೆಯಿರುವ ಇನ್ನೊಂದು ಅಮೈನೋ ಆಮ್ಲ ಮಿಥಿಯೋನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆ-ಹುರುಳಿಸಾರು ನಿಜಕ್ಕೂ ಒಳ್ಳೆಯ ಜೋಡಿ.

ಎಡವಟ್ಟಾಗುವುದು ತಿಳಿಸಾರಿನಲ್ಲೇ. ಬಸ್ಸಾರಿಗೆ ಕಟ್ಟು ಬಸಿದಾಗ ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಆ ಕಾಳಿನ ಪಲ್ಯವನ್ನು ಚಮಚದಷ್ಟು ಬಡಿಸಿಕೊಂಡರೆ ಸಾಲದು, ಒಂದು ಬಟ್ಟಲು ತಿನ್ನಿ.

ಮುದ್ದೆ, ಬೇಳೆ ಎರಡೂ ಒಂದೇ ಊಟದಲ್ಲಿ ಇರಲೇಬೇಕೆಂದಿಲ್ಲ. ಬೆಳಿಗ್ಗೆ ಮುದ್ದೆ, ರಾತ್ರಿ ಬೇಳೆಯಾದರೂ ವಯಸ್ಕರಿಗೆ ನಡೆಯುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಬೇಳೆ ಹೆಚ್ಚಿಸಬೇಡಿ.