ಸೂಜಿ–ದಾರ ಪ್ರಶ್ನೋತ್ತರ: ಸೂಪರ್‌ಹೀರೋ ಸೂಟಿನ ಕಾಗದಗಳು

ಕಳೆದ ಸಂಚಿಕೆಯಲ್ಲಿ ಲೈಕ್ರಾ ಬಟ್ಟೆ ಹೊಲಿಯುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಡ್ಯಾನ್ಸ್ ಕ್ಲಾಸಿನವರು, ಈಜಿನವರು ಕೇಳಬಹುದು ಎಂದುಕೊಂಡಿದ್ದೆ. ಬಂದ ಕಾಗದಗಳಲ್ಲಿ ಜಾಸ್ತಿ ಕಾಸ್‌ಪ್ಲೇಯವರದ್ದೇ. ಕಾಮಿಕ್ಸು, ಸಿನಿಮಾ, ಗೇಮುಗಳ ಪಾತ್ರದ ವೇಷ ಹಾಕಿಕೊಂಡು ಬೆಂಗಳೂರಿನ ಕಾಮಿಕ್ ಕಾನ್‌ನಂಥ ಕಡೆ ಹೋಗುತ್ತಾರಲ್ಲ, ಅವರು. ಎಲ್ಲರಿಗೂ ಬೇಕಾಗಿರುವುದು ಕುತ್ತಿಗೆಯಿಂದ ಹಿಮ್ಮಡಿವರೆಗೆ ಮೈಗೆ ಅಂಟಿ ಕೂರುವ, ತಮ್ಮದೇ ಡಿಸೈನ್ ಇರುವ ಸೂಟು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಬ್ಲೌಸಿನ ತೋಳಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ನೆಟ್‌ನಿಂದ ಒಂದು ಒಳ್ಳೆ ಚಿತ್ರ ಇಳಿಸಿಕೊಂಡು, ಕ್ರಿಕೆಟ್ ಜೆರ್ಸಿ ಪ್ರಿಂಟ್ ಮಾಡುವ ಅಂಗಡಿಗೆ ಕೊಟ್ಟೆ ಮೇಡಂ. ‘ಇದರಲ್ಲಿ ಆಗಲ್ಲ’ ಎಂದು ವಾಪಸ್ ಕಳಿಸಿದರು. ಜೆರ್ಸಿ ಆಗುತ್ತೆ, ಸೂಟು ಯಾಕಾಗಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಅಂಗಡಿ ಸರಿಯಾದದ್ದೇ. ಕೊಟ್ಟ ಫೈಲು ಸರಿ ಇಲ್ಲ ಅಷ್ಟೆ.

ಕಬಡ್ಡಿ, ಕ್ರಿಕೆಟ್ ಟೀಮಿನ ಬಣ್ಣಬಣ್ಣದ ಜೆರ್ಸಿಗಳು ಹೆಚ್ಚಾಗಿ ಸಬ್ಲಿಮೇಶನ್ ಪ್ರಿಂಟು. ಡಿಸೈನನ್ನು ಮೊದಲು ಕನ್ನಡಿಯಲ್ಲಿ ಕಂಡಂತೆ ತಿರುವು ಮಾಡಿ ಕಾಗದದ ಮೇಲೆ ಅಚ್ಚು ಹಾಕುತ್ತಾರೆ. ಆ ಕಾಗದವನ್ನು ಬಟ್ಟೆ ಮೇಲಿಟ್ಟು ಸುಮಾರು 190–200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ನಿಮಿಷದ ಆಸುಪಾಸು ಒತ್ತುತ್ತಾರೆ. ಶಾಯಿ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಹೊಕ್ಕುಬಿಡುತ್ತದೆ. ಅದಕ್ಕೇ ಆ ಜೆರ್ಸಿ ಎಷ್ಟು ಒಗೆದರೂ ಪ್ರಿಂಟು ಸಿಪ್ಪೆ ಏಳುವುದಿಲ್ಲ. ನಿಮ್ಮ ಸೂಟಿಗೂ ಇದೇ ಬೇಕು. ಕಾಟನ್‌ಗೆ ಇದು ಹಿಡಿಯುವುದಿಲ್ಲ. ಪಾಲಿಯೆಸ್ಟರ್‌ಗೆ ಸ್ಪ್ಯಾಂಡೆಕ್ಸ್ (ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಎಳೆ) ಬೆರೆತ, ಉದ್ದಕ್ಕೂ ಅಡ್ಡಕ್ಕೂ ಎಳೆದುಕೊಳ್ಳುವ ಬಿಳಿ ಬಟ್ಟೆ ತನ್ನಿ. ನೈಲಾನ್ ಬೆರೆತ ಈಜುಡುಗೆ ಬಟ್ಟೆ ನೋಡಲು ಹಾಗೇ ಇರುತ್ತದೆ, ಆದರೆ ಬಣ್ಣ ಮಂಕಾಗುತ್ತದೆ. ಅಂಗಡಿಯವರು ಎಲ್ಲಕ್ಕೂ ‘ಲೈಕ್ರಾ’ ಎಂದೇ ಹೇಳುತ್ತಾರೆ, ಬಿಡಿಸಿ ಕೇಳಿ.

ಈಗ ಫೈಲಿಗೆ ಬನ್ನಿ. ಎದೆ–ಹೊಟ್ಟೆಯ ಒಂದು ತುಂಡು 60 ಸೆಂ.ಮೀ. ಅಗಲ ಅಂತಿಟ್ಟುಕೊಳ್ಳಿ. ನೀವು ಇಳಿಸಿದ ಚಿತ್ರ 1080 ಪಿಕ್ಸೆಲ್ ಅಗಲ. ಅದನ್ನು 60 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 45–46 ಚುಕ್ಕಿ ಬರುತ್ತದೆ. ಬಟ್ಟೆಗೆ ಇಂಚಿಗೆ 150 ಇದ್ದರೆ ಸಾಕು, ಆದರೆ ಅಷ್ಟಾದರೂ ಬೇಕು. ಎಂದರೆ ಆ ತುಂಡಿಗೆ ಸುಮಾರು 3540 ಪಿಕ್ಸೆಲ್ ಅಗಲದ ಫೈಲು. ಅದನ್ನು ವಾಟ್ಸ್ಯಾಪ್‌ನಲ್ಲಿ ಫೋಟೋ ಮಾಡಿ ಕಳಿಸಿದರೆ ಮತ್ತೆ ಕುಗ್ಗುತ್ತದೆ. ಪೆನ್‌ಡ್ರೈವ್‌ನಲ್ಲೇ ಕೊಡಿ.

ಇನ್ನೊಂದು ಮುಖ್ಯ ವಿಷಯ. ಅಂಗಡಿಯವರಿಗೆ ಬೇಕಿರುವುದು ನಿಂತ ಮನುಷ್ಯನ ಚಿತ್ರ ಅಲ್ಲ. ಮುಂಭಾಗ, ಬೆನ್ನು, ಎರಡು ತೋಳು, ಎರಡು ಕಾಲು, ತಲೆಗವಸು: ಪ್ರತಿಯೊಂದರ ಕಟಿಂಗ್ ಆಕಾರ ನಿಮ್ಮ ಅಳತೆಯಲ್ಲಿರಬೇಕು. ಡಿಸೈನು ಆ ಆಕಾರದೊಳಗೆ ಕೂತಿರಬೇಕು. ಬಣ್ಣ ಕತ್ತರಿ ಗೆರೆಯಿಂದ ಒಂದೆರಡು ಸೆಂ.ಮೀ. ಆಚೆಗೂ ಚಾಚಿರಲಿ, ಇಲ್ಲದಿದ್ದರೆ ಹೊಲಿಗೆ ಪಕ್ಕ ಬಿಳಿ ಇಣುಕುತ್ತದೆ. ಮೊದಲು ಅಳತೆ, ಆಮೇಲೆ ಕಟಿಂಗ್, ಕೊನೆಗೆ ಚಿತ್ರ. ಎಲ್ಲರೂ ಚಿತ್ರದಿಂದಲೇ ಶುರು ಮಾಡುತ್ತಾರೆ, ಅಲ್ಲೇ ದುಡ್ಡು ಹೋಗುವುದು.

ನಮ್ಮ ಅಜ್ಜಿ ಇವತ್ತಿಗೂ ಇಳಕಲ್ ಸೀರೆನೇ ಉಡ್ತಾರ. ಆ ಸೆರಗಿನ ತೆನಿ, ದಡಿ, ಕಸೂತಿ ಎಲ್ಲಾ ಹಾಕಿ ನಂದೇ ಒಂದು ಹೊಸ ಹೀರೋಯಿನ್ ಮಾಡಬೇಕಂತ ಆಸೆ ಅಕ್ಕಾರ. ಸೀರಿ ಫೋಟೋ ತೆಗೆದು ಬಟ್ಟೆ ಮೇಲೆ ಹಾಕಿಸಿದರ ಆಗ್ತದೇನು?
— ಪದವಿ ವಿದ್ಯಾರ್ಥಿನಿ, ಬಾಗಲಕೋಟೆ

ಬಂದ ಕಾಗದಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ನಿಮ್ಮದು ತಂಗೀ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಫೋಟೋ ಬೇಡ. ನೇಯ್ಗೆಯ ನವಿರು ಪ್ರಿಂಟಿನಲ್ಲಿ ಬರುವುದಿಲ್ಲ, ಬರೀ ಕಲೆ ಬಿದ್ದ ಹಾಗೆ ಕಾಣುತ್ತದೆ. ಸೀರೆ ನೋಡಿಕೊಂಡು ಗೆರೆಯಲ್ಲಿ ಹೊಸದಾಗಿ ಬರೆಯಿರಿ. ಇಂಕ್‌ಸ್ಕೇಪ್ ಎನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬರೆದ ಗೆರೆಯನ್ನು ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ.

ನೀವು ಆರಿಸಿದ್ದು ಈ ಪ್ರಿಂಟಿಗೆ ಹೇಳಿ ಮಾಡಿಸಿದ ಡಿಸೈನು. ಸಬ್ಲಿಮೇಶನ್‌ನಲ್ಲಿ ಬಿಳಿ ಶಾಯಿಯೇ ಇಲ್ಲ. ಬಿಳಿ ಬೇಕಾದ ಕಡೆ ಬಟ್ಟೆಯನ್ನು ಹಾಗೇ ಬಿಡಬೇಕು. ತೋಪುತೆನಿ ಸೆರಗು ಎಂದರೆ ಕೆಂಪು ನೆಲದಲ್ಲಿ ಬಿಳಿ ತೆನೆ. ಸುತ್ತ ಕೆಂಪು ಹಾಕಿಸಿ, ತೆನೆಯ ಜಾಗ ಬಿಟ್ಟರೆ ಆಯಿತು. ಒತ್ತುವಾಗ ಕಾಗದ ಒಂದು ಕೂದಲೆಳೆ ಸರಿದರೂ ಬಿಳಿಯ ಅಂಚಿನಲ್ಲಿ ಗುಲಾಬಿ ನೆರಳು ಬೀಳುತ್ತದೆ. ಕಾಗದವನ್ನು ಟೇಪ್ ಹಾಕಿ ಕೂರಿಸಲು ಅಂಗಡಿಯವರಿಗೆ ಮೊದಲೇ ಹೇಳಿ.

ಆದರೆ ಸೀರೆಯ ಸೆರಗು ಜೋತು ಬೀಳುತ್ತದೆ, ಸೂಟು ಎಳೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ನೆಟ್ಟಗೆ ಬರೆದ ಸಾಲು ಮೈಮೇಲೆ ನೆಟ್ಟಗಿರುವುದಿಲ್ಲ. ಎದೆ ಮೇಲೆ ಉಬ್ಬುತ್ತದೆ, ಸೊಂಟದಲ್ಲಿ ಕುಗ್ಗುತ್ತದೆ. ಇದಕ್ಕೆ ನನ್ನ ದಾರಿ ಹೀಗೆ. ಪ್ರಿಂಟಿಗೆ ಮುಂಚೆ ಅದೇ ಜಾತಿಯ ಅಗ್ಗದ ಬಿಳಿ ಬಟ್ಟೆಯಲ್ಲಿ ಒಂದು ಕಚ್ಚಾ ಸೂಟು ಹೊಲಿಯಿರಿ, ದೊಡ್ಡ ಟಾಕು ಹಾಕಿದರೆ ಸಾಕು. ಅದನ್ನು ತೊಟ್ಟು ಕನ್ನಡಿ ಮುಂದೆ ನಿಲ್ಲಿ. ಗೆಳತಿಯ ಕೈಗೆ ಮಾರ್ಕರ್ ಕೊಡಿ. ಭುಜದಿಂದ ಭುಜಕ್ಕೆ ಒಂದು ಗೆರೆ, ಎದೆಯ ಕೆಳಗೆ ಒಂದು, ಸೊಂಟಕ್ಕೆ ಒಂದು, ಪಕ್ಕೆಯುದ್ದಕ್ಕೆ ಒಂದು, ಮಂಡಿಯ ಸುತ್ತ ಒಂದು. ಕಣ್ಣಿಗೆ ನೇರ ಕಾಣುವ ಹಾಗೆ ಎಳೆಯಲಿ. ಆಮೇಲೆ ಸೂಟು ಬಿಚ್ಚಿ, ಟಾಕು ಕಿತ್ತು, ತುಂಡುಗಳನ್ನು ಮೇಜಿನ ಮೇಲೆ ಹರಡಿ. ನೇರ ಎಳೆದ ಗೆರೆಗಳೆಲ್ಲ ಬಿಲ್ಲಿನ ಹಾಗೆ ಬಾಗಿರುತ್ತವೆ. ಆ ಬಾಗಿದ ಗೆರೆಯ ಮೇಲೇ ನಿಮ್ಮ ತೆನೆಯ ಸಾಲು ಕೂರಿಸಬೇಕು. ಬಟ್ಟೆ ಮೇಲೆ ಸೊಟ್ಟ ಕಾಣುತ್ತದೆ, ಮೈಮೇಲೆ ನೇರವಾಗುತ್ತದೆ. ಈ ಒಂದು ಹಂತ ತಪ್ಪಿಸುವವರೇ ಜಾಸ್ತಿ.

ತೆನೆಯನ್ನು ಸೊಂಟಕ್ಕೆ ಪಟ್ಟಿಯ ಹಾಗೆ ಸುತ್ತಬೇಡಿ, ಸೊಂಟ ದಪ್ಪ ಕಾಣುತ್ತದೆ. ಭುಜದಿಂದ ಎದೆಗೆ ತುದಿ ಕೆಳಗಾಗಿ ಇಳಿಯಲಿ. ಭುಜ ಅಗಲ ಕಾಣುತ್ತದೆ, ಹೀರೋಯಿನ್‌ಗೆ ಅದೇ ಬೇಕಾದದ್ದು. ಒಂದೊಂದು ತೆನೆ ನಾಲ್ಕು ಬೆರಳಿಗಿಂತ ಚಿಕ್ಕದಾದರೆ ಸಭಾಂಗಣದ ಆಚೆ ತುದಿಗೆ ಕಾಣುವುದಿಲ್ಲ. ಸೆರಗಿನಲ್ಲಿ ಹಣಿಗೆ, ಕೋಟೆಯ ತೆನೆ ಇಂಥ ನಮೂನೆಗಳೂ ಇರುತ್ತವಲ್ಲ, ಅವನ್ನು ಮುಂಗೈಗೆ, ಮೊಣಕಾಲ ಕೆಳಗೆ ಇಡಬಹುದು.

ಇನ್ನು ದಡಿ. ಇಳಕಲ್ ಸೀರೆಯ ಗೋಮಿ ಎನ್ನುವ ನಮೂನೆಯ ದಡಿಯನ್ನು ಪಕ್ಕೆಯುದ್ದಕ್ಕೂ ಇಳಿಸಿದರೆ ಚೆನ್ನಾಗಿರುತ್ತದೆ. ಆದರೆ ಅಲ್ಲೇ ಪಕ್ಕದ ಹೊಲಿಗೆ ಬರುತ್ತದೆ. ದಡಿಯ ನಡುವೆ ಹೊಲಿಗೆ ಹಾದರೆ ಎರಡು ಅರ್ಧ ಎಂದೂ ಕೂಡುವುದಿಲ್ಲ, ಲೈಕ್ರಾ ಮಷೀನಿನ ಕಾಲಡಿಯಲ್ಲಿ ಜಾರುತ್ತಾ ಹೋಗುತ್ತದೆ. ದಡಿ ಪೂರ್ತಿ ಮುಂಭಾಗದ ತುಂಡಿನಲ್ಲೇ ಇರಲಿ. ಹೊಲಿಗೆಯನ್ನು ಒಂದು ಇಂಚು ಬೆನ್ನಿನ ಕಡೆ ಸರಿಸಿ.

ಕಸೂತಿಯನ್ನು ಕೈಯಲ್ಲಿ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಬಟ್ಟೆ ಎಳೆದಾಗ ದಾರ ಹರಿಯುತ್ತದೆ. ಪ್ರಿಂಟಲ್ಲೇ ತನ್ನಿ. ಮುರ್ಗಿ ಎನ್ನುವ ಕಸೂತಿ ಹೊಲಿಗೆಯ ಮೆಟ್ಟಿಲು ಮೆಟ್ಟಿಲಾದ ಗೆರೆ ಇಂಥ ಸೂಟಿಗೆ ಬಹಳ ಒಪ್ಪುತ್ತದೆ. ಗೆರೆ ಎರಡು ಮಿಲಿಮೀಟರಿಗಿಂತ ತೆಳು ಆಗದಿರಲಿ.

ಬಣ್ಣದ ವಿಷಯಕ್ಕೆ ಪರದೆಯನ್ನು ನಂಬಬೇಡಿ. ಪರದೆಯ ಕಡು ನೀಲಿ ಬಟ್ಟೆಗೆ ಬಂದಾಗ ನೇರಳೆಗೆ ತಿರುಗುವುದು ಮಾಮೂಲು, ಕೆಂಪು ಕಿತ್ತಳೆಗೆ ವಾಲಬಹುದು. ಏಳೆಂಟು ಕೆಂಪಿನ ಚೌಕಗಳನ್ನು ಅದೇ ಬಟ್ಟೆ, ಅದೇ ಮಷೀನಿನಲ್ಲಿ ಪ್ರಿಂಟ್ ಹಾಕಿಸಿ. ಅಜ್ಜಿಯ ಸೀರೆ ಪಕ್ಕ ಇಟ್ಟು ಹಗಲು ಬೆಳಕಲ್ಲಿ ಹೋಲಿಸಿ, ಟ್ಯೂಬ್‌ಲೈಟಲ್ಲಿ ಬೇಡ. ಆ ತುಂಡನ್ನು ಒಮ್ಮೆ ಎಳೆದೂ ನೋಡಿ. ಎಳೆದಾಗ ಎಳೆಗಳ ನಡುವೆ ಒಳಗಿನ ಬಿಳಿ ಕಂಡು ಕೆಂಪು ಪೇಲವವಾಗುತ್ತದೆ. ಅದಕ್ಕೇ ಎದೆ, ತೊಡೆಯ ಕಡೆ ಒಂದು ಛಾಯೆ ಗಾಢವಾಗಿಯೇ ಇಡಬೇಕು. ಅದೇ ತುಂಡಿನಲ್ಲಿ 10 ಸೆಂ.ಮೀ.ಯ ಒಂದು ಚೌಕವೂ ಇರಲಿ. ಒತ್ತಿದ ಮೇಲೆ ಅಳೆದರೆ ಬಟ್ಟೆ ಬಿಸಿಗೆ ಎಷ್ಟು ಕುಗ್ಗಿತು ಎಂದು ತಿಳಿಯುತ್ತದೆ. ಫೈಲನ್ನು ಅಷ್ಟು ಹಿಗ್ಗಿಸಿಕೊಳ್ಳಿ.

ಬೆನ್ನ ಹಿಂದೆ ಹಾರುವ ಕೇಪ್‌ಗೆ ಮಾತ್ರ ನಿಜವಾದ ಹಳೇ ಸೆರಗೇ ಆಗಲಿ. ಅಜ್ಜಿಯನ್ನು ಕೇಳಿ ಕತ್ತರಿಸಿ, ಕೇಳದೆ ಬೇಡ!

ಮಗನಿಗೆ ಹತ್ತು ವರ್ಷ. ಫ್ಯಾನ್ಸಿ ಡ್ರೆಸ್‌ಗೆ ಸೂಪರ್‌ಮ್ಯಾನ್ ಆಗಬೇಕಂತೆ. ಚಡ್ಡಿ ಪ್ಯಾಂಟಿನ ಮೇಲೆ ಬೇಕೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಜಗಳ. ನೀವೇ ತೀರ್ಪು ಕೊಡಿ.
— ಒಬ್ಬ ತಂದೆ, ಮೈಸೂರು

ಇಬ್ಬರೂ ಗೆದ್ದಿರಿ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಚಡ್ಡಿ ಮೇಲೇ ಇತ್ತು. ಆಗಿನ ಸರ್ಕಸ್ಸಿನ ಬಲಶಾಲಿಗಳು, ಕುಸ್ತಿಯವರು ಬಿಗಿ ಉಡುಪಿನ ಮೇಲೆ ಹಾಗೇ ತೊಡುತ್ತಿದ್ದರು. 2011ರಲ್ಲಿ ಕಾಮಿಕ್ಸಿನಲ್ಲಿ ಅದನ್ನು ತೆಗೆದರು, 2018ರಲ್ಲಿ ಮತ್ತೆ ತಂದರು. ದರ್ಜಿಯಾಗಿ ನನ್ನ ಮತ ಚಡ್ಡಿಗೇ. ಕಾಲ ಸಂದಿನ ಹೊಲಿಗೆ, ಸುಕ್ಕು ಎಲ್ಲ ಅದರಡಿ ಮುಚ್ಚಿಹೋಗುತ್ತದೆ. ಬೆಳೆಯುವ ಹುಡುಗ, ಸೂಟಿನ ತೋಳು–ಕಾಲಿನ ಉದ್ದ ಸ್ವಲ್ಪ ಬಿಟ್ಟು ಒಳಗೆ ಮಡಿಸಿ ಹೊಲಿಸಿ.

ನಾನು ಟೈಲರ್. ಕಾಲೇಜು ಹುಡುಗನೊಬ್ಬ ಪ್ರಿಂಟ್ ಆದ ಬಟ್ಟೆ ತಂದುಕೊಟ್ಟ. ಹೊಲಿಗೆ ನಡುನಡುವೆ ತಪ್ಪುತ್ತೆ. ಹೇಗೋ ಮುಗಿಸಿದೆ. ಅವನು ಕೈ ಎತ್ತಿದ, ಕಾಲ ಸಂದಿನಲ್ಲಿ ಪರ್ರನೆ ಬಿಟ್ಟುಕೊಂಡಿತು.
— ಹಾಸನ

ಎರಡು ಬೇರೆ ಬೇರೆ ತೊಂದರೆ ಅಣ್ಣಾ. ಹೊಲಿಗೆ ತಪ್ಪುವುದು ಸೂಜಿಯಿಂದ. ಸಾದಾ ಸೂಜಿಯ ಚೂಪು ತುದಿ ಈ ಬಟ್ಟೆಯ ಎಳೆಯನ್ನು ಚುಚ್ಚಿ ಕಡಿಯುತ್ತದೆ. ತುದಿ ದುಂಡಗಿರುವ ಸ್ಟ್ರೆಚ್ ಸೂಜಿ, 75/11 ನಂಬರಿನದು ಹಾಕಿ. ದಾರ ಪಾಲಿಯೆಸ್ಟರ್ ಇರಲಿ. ನೇರ ಹೊಲಿಗೆ ಬೇಡವೇ ಬೇಡ, ಬಟ್ಟೆ ಎಳೆದಾಗ ದಾರ ಎಳೆಯದೆ ತುಂಡಾಗುತ್ತದೆ. ಸಣ್ಣ ಝಿಗ್‌ಝ್ಯಾಗ್ ಹಾಕಿ, ಇಲ್ಲವೇ ನಾಲ್ಕು ದಾರದ ಓವರ್‌ಲಾಕ್.

ಸಂದಿನಲ್ಲಿ ಹರಿದದ್ದು ಅಳತೆಯಿಂದ. ಶರ್ಟಿನ ಉದ್ದ, ಪ್ಯಾಂಟಿನ ಉದ್ದ ಬೇರೆ ಬೇರೆ ತೆಗೆದು ಕೂಡಿಸಿರುತ್ತೀರಿ. ಒಂದೇ ತುಂಡಿನ ಸೂಟಿಗೆ ಅದು ಸಾಲದು. ಟೇಪನ್ನು ಭುಜದ ನಡುವಿನಿಂದ ಹೊರಡಿಸಿ, ಎದೆ ಹೊಟ್ಟೆ ಮೇಲೆ ಇಳಿಸಿ, ಕಾಲ ಸಂದಿನಲ್ಲಿ ಹಾಯಿಸಿ, ಬೆನ್ನ ಮೇಲೆ ಹತ್ತಿಸಿ ಅದೇ ಭುಜಕ್ಕೆ ತನ್ನಿ. ಈ ಸುತ್ತಳತೆಯೇ ಸೂಟಿನ ಪ್ರಾಣ. ಅಗಲದಲ್ಲಿ ಮೈಗಿಂತ ಹತ್ತು ಪರ್ಸೆಂಟ್‌ನಷ್ಟು ಚಿಕ್ಕದು ಮಾಡಬಹುದು, 90 ಸೆಂ.ಮೀ. ಎದೆಗೆ 81ರ ಆಸುಪಾಸು. ಉದ್ದದ ಈ ಸುತ್ತಿನಲ್ಲಿ ಮಾತ್ರ ಅಷ್ಟು ಜಿಪುಣತನ ಬೇಡ. ಸಂದಿನಲ್ಲಿ ವಜ್ರದಾಕಾರದ ಒಂದು ತುಂಡು ಸೇರಿಸಿ, ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರುವುದು ತಪ್ಪುತ್ತದೆ. ಬಗಲಿಗೂ ಅಂಥದ್ದೇ ತುಂಡು ಹಾಕಿದರೆ ಹುಡುಗ ಕೈ ಎತ್ತಿ ಹಾರಲಿ, ಏನೂ ಆಗಲ್ಲ.

ಕೇಳಲು ಮುಜುಗರ. ಸೂಟಿನ ಒಳಗೆ ಏನು ಹಾಕಬೇಕು? ಬಾತ್‌ರೂಮಿಗೆ ಹೇಗೆ ಹೋಗುವುದು? ನಮ್ಮೂರ ಸೆಕೆಗೆ ಬೆವರು ಬೇರೆ.
— ಹೆಸರು ಬೇಡ, ಮಂಗಳೂರು

ಮುಜುಗರ ಯಾಕೆ? ಪ್ರಿಂಟಿನ ಬಗ್ಗೆ ಪುಟಗಟ್ಟಲೆ ಕೇಳಿದವರು ಯಾರೂ ಇದನ್ನು ಕೇಳಲಿಲ್ಲ, ಅದೇ ಆಶ್ಚರ್ಯ. ಒಳಗೆ ಹೊಲಿಗೆ ಅಂಚು ಕಾಣದ, ಮೈಬಣ್ಣದ ಒಳಉಡುಪು ಹಾಕಿ. ತೆಳು ಬಟ್ಟೆಯಡಿ ಬಿಳಿಯೇ ಎದ್ದು ಕಾಣುವುದು. ಗಂಡಸರಿಗೆ ನೃತ್ಯದವರು ತೊಡುವ ಡ್ಯಾನ್ಸ್ ಬೆಲ್ಟ್ ಎನ್ನುವ ಬಿಗಿ ಒಳಉಡುಪು ಸಿಗುತ್ತದೆ, ಮುಂಭಾಗ ಸಪಾಟಾಗಿ ಕೂರುತ್ತದೆ. ಎದೆಗೆ ಸ್ಪಂಜಿನ ಕಪ್ ಇಡುವುದಾದರೆ ಅದನ್ನು ಇಟ್ಟುಕೊಂಡೇ ಅಳತೆ ಕೊಡಿ.

ಬೆನ್ನಿನ ಜಿಪ್ ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೂ ಬರಲಿ, ಎರಡು ಸ್ಲೈಡರ್ ಇರುವ ಜಿಪ್ ಆದರೆ ಕೆಳಗಿನಿಂದಲೂ ತೆಗೆಯಬಹುದು. ಕೈಗವಸು ಸೂಟಿಗೇ ಸೇರಿಸಿ ಹೊಲಿಸಬೇಡಿ. ಊಟ, ಫೋನು, ಬಾತ್‌ರೂಮು ಯಾವುದೂ ಆಗಲ್ಲ. ಬಗಲು, ಬೆನ್ನಿನ ಕೆಳಗೆ ಜಾಲರಿ ಬಟ್ಟೆ ಸೇರಿಸಿದರೆ ಗಾಳಿಯಾಡುತ್ತದೆ. ಜಾಲರಿಯೂ ಪಾಲಿಯೆಸ್ಟರ್ ಆದರೆ ಅದರ ಮೇಲೂ ಪ್ರಿಂಟು ಬರುತ್ತದೆ. ಜೊತೆಗೊಬ್ಬರು ಇರಲಿ, ಚೀಲದಲ್ಲಿ ನೀರು, ಉಪ್ಪು ಸಕ್ಕರೆ, ಮೇಲೆ ಹಾಕಿಕೊಳ್ಳಲು ಒಂದು ಸಡಿಲ ಶರ್ಟು. ಬಸ್ಸಿನಲ್ಲಿ ಹೋಗುವಾಗ ಆ ಶರ್ಟು ಬೇಕಾಗುತ್ತದೆ.

ನಮ್ಮದು ಜೆರ್ಸಿ ಪ್ರಿಂಟಿಂಗ್. ಹೆಸರಾಂತ ಹೀರೋಗಳ ಸೂಟು ಮಾಡಿ ಆನ್‌ಲೈನ್‌ನಲ್ಲಿ ಮಾರಬಹುದಾ?
— ಹುಬ್ಬಳ್ಳಿ

ತನಗಾಗಿ ಒಂದು ಸೂಟು ಮಾಡಿಕೊಂಡು ತೊಡುವುದು ಬೇರೆ, ಸಾಲಾಗಿ ಮಾಡಿ ಮಾರುವುದು ಬೇರೆ. ಸೂಪರ್‌ಮ್ಯಾನ್ ಎದೆಯ ‘ಎಸ್’ ಥರದ ಗುರುತುಗಳು ಕಂಪನಿಗಳ ಟ್ರೇಡ್‌ಮಾರ್ಕು. ಅನುಮತಿ ಇಲ್ಲದೆ ಮಾರಿದರೆ ನೋಟಿಸ್ ಬರಬಹುದು. ಮೊದಲು ವಕೀಲರನ್ನು ಕೇಳಿ. ಕಲಾವಿದರು ನೆಟ್‌ನಲ್ಲಿ ಮಾರುವ ಸೂಟಿನ ಫೈಲುಗಳೂ ಸಾಮಾನ್ಯವಾಗಿ ಕೊಂಡವರ ಸ್ವಂತ ಬಳಕೆಗೆ ಮಾತ್ರ, ಷರತ್ತು ಓದಿ. ಸುಮ್ನೆ ತಲೆನೋವು ಯಾಕೆ? ಗಿರಾಕಿಯ ಸ್ವಂತ ಡಿಸೈನು ಪ್ರಿಂಟ್ ಮಾಡಿಕೊಡುವ ಅಂಗಡಿ ಎಂದು ಹೆಸರು ಮಾಡಿ. ಬಾಗಲಕೋಟೆಯಲ್ಲಿ ಒಬ್ಬ ಗಿರಾಕಿ ಆಗಲೇ ಸಿದ್ಧ ಇದ್ದಾರೆ.

ಸೂಟು ಒಗೆಯುವುದು ಹೇಗೆ?
— ಶಿವಮೊಗ್ಗ

ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ, ಕೈಯಲ್ಲೇ. ಬ್ರಷ್ ಬೇಡ, ಬ್ಲೀಚ್ ಬೇಡ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಸ್ಪ್ಯಾಂಡೆಕ್ಸ್ ಸತ್ತುಹೋಗುತ್ತದೆ. ಜಿಪ್ ಹಾಕಿಯೇ ಒಗೆಯಿರಿ, ತೆಗೆದಿಟ್ಟರೆ ಅದರ ಹಲ್ಲು ಬಟ್ಟೆಯ ಎಳೆ ಕೀಳುತ್ತದೆ.