ಬಿಸಿನೀರಿನ ಬುಗ್ಗೆಗೆ ಅಮ್ಮನನ್ನು ಕರೆದುಕೊಂಡು ಹೋಗಲೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಅಮ್ಮನಿಗೆ 68 ವರ್ಷ. ವಿಪರೀತ ಮಂಡಿನೋವು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಯೂ ಇದೆ. ರತ್ನಗಿರಿ ಕಡೆಯ ಬಿಸಿನೀರಿನ ಕುಂಡದಲ್ಲಿ ಮಿಂದು ಬಂದ ನೆಂಟರು ನೋವೇ ಹೋಯಿತು ಎನ್ನುತ್ತಾರೆ. ಕರೆದುಕೊಂಡು ಹೋಗಬಹುದೇ ಡಾಕ್ಟ್ರೇ?

ಉತ್ತರ: ಹೋಗಿ ಬನ್ನಿ. ಆದರೆ ನೀರಿಗಿಳಿಸುವ ಮುಂಚೆ ಅಮ್ಮನ ಪಾದ ನೋಡಿ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಜನರಿಗೆ ಅಂಗಾಲಿನ ನರ ಸೋತು ಬಿಸಿ ತಿಳಿಯುವುದಿಲ್ಲ. ಅವರು ‘ಹಿತವಾಗಿದೆ’ ಎನ್ನುತ್ತಿರುವಾಗಲೇ ಚರ್ಮ ಸುಟ್ಟಿರುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುವ ನಮ್ಮ ಮಲೆನಾಡಿನ ಹಿರಿಯರಿಗೂ ಇದೇ ಅಪಾಯ. ಹಂಡೆಯ ನೀರಾದರೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುತ್ತೀರಿ, ಕುಂಡದಲ್ಲಿ ಅದು ನಮ್ಮ ಕೈಲಿಲ್ಲ. ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವರಿಗೆ ಬೇಡ. ಹಿಮ್ಮಡಿ ಒಡೆದಿದ್ದರೆ, ಹುಣ್ಣಿದ್ದರೆ ಕಾಲು ಅದ್ದಲೂ ಬೇಡ.

ಎಲ್ಲ ಬುಗ್ಗೆಯೂ ಮೀಯುವ ಹದದ್ದಲ್ಲ. ಹಿಮಾಚಲದ ಮಣಿಕರಣ್‌ನಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಅದ್ದಿದರೆ ಅನ್ನವೇ ಆಗುತ್ತದೆ. ಮಳೆನೀರು ಬಂಡೆಯ ಬಿರುಕು ಹಿಡಿದು ಇಳಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಕಾವೇರುತ್ತದೆ. ಎಷ್ಟು ಆಳದಿಂದ, ಎಷ್ಟು ಬೇಗ ಮೇಲೆ ಬಂತು ಎನ್ನುವುದರ ಮೇಲೆ ಬಿಸಿ. ರತ್ನಗಿರಿಯ ತುರಳ್, ಅರವಲಿ, ರಾಜಾಪುರದ ಉನ್ಹಾಳೆ ಎಲ್ಲವೂ ಹೀಗೆ ಹುಟ್ಟಿದವೇ. ಅಷ್ಟು ದೂರ ಬೇಡವೆಂದರೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ಹೊರಡುವ ಮುನ್ನ ನೀರು ಹೇಗಿದೆ ಎಂದು ಅಲ್ಲಿಯವರನ್ನು ವಿಚಾರಿಸಿ.

ನೆಂಟರ ಮಾತು ಸುಳ್ಳಲ್ಲ. ಕಾವಿಗೆ ಬಿಗಿದ ಸ್ನಾಯು ಸಡಿಲಾಗುತ್ತದೆ, ಮೈಭಾರವನ್ನು ನೀರು ಹೊರುವುದರಿಂದ ಮಂಡಿ ಹಗುರಾಗುತ್ತದೆ. ಈ ಆರಾಮ ಕೆಲವು ಗಂಟೆಯದೋ ದಿನದ್ದೋ ಇದ್ದೀತು, ಸವೆದ ಮೃದ್ವಸ್ಥಿ ಮಾತ್ರ ಮತ್ತೆ ಬೆಳೆಯದು. ಆದ್ದರಿಂದ ಮಾತ್ರೆ ಬಿಡಿಸಬೇಡಿ, ದಯವಿಟ್ಟು.

ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಮಾತ್ರೆ ತಿನ್ನುವವರಿಗೆ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಹತ್ತು ನಿಮಿಷ ಸಾಕು. ಕೈ ಹಿಡಿದೇ ಮೇಲೆತ್ತಿ, ಕೂರಿಸಿ, ನೀರು ಕುಡಿಸಿ. ತಲೆ ಮುಳುಗಿಸುವುದು, ಮೂಗಿಗೆ ನೀರು ಏರಿಸುವುದು ಯಾರಿಗೂ ಬೇಡ. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ತೀರಾ ಅಪರೂಪ, ಆದರೆ ತಗುಲಿದರೆ ಬದುಕಿ ಉಳಿಯುವವರು ಕಡಿಮೆ.

ರಾತ್ರಿ ತಂಗಿದಲ್ಲಿ ಕಾಲ್ಬೆರಳ ಸಂದು ಒಣಗುವಂತೆ ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿ. ಗುಳ್ಳೆ ಕಂಡರೆ ಒಡೆಯಬೇಡಿ, ಊರಿಗೆ ಬಂದ ಮೇಲೆ ನೋಡೋಣ ಅನ್ನದೆ ಅಲ್ಲೇ ಹತ್ತಿರದ ಡಾಕ್ಟರಿಗೆ ತೋರಿಸಿ.